ಓವನ್‌ಗೆ ಅರ್ಧ ಲಕ್ಷ, ಅರ್ತಿಂಗ್‌ಗೆ ಚೌಕಾಸಿ

ಎರಡು ರಂಝಾನ್ ಹಿಂದಿನ ಮಾತು. ಅಕ್ಕನ ಹೊಸ ಮನೆಯಲ್ಲಿ ಇಫ್ತಾರ್. ಅಡುಗೆಮನೆಯ ಗೋಡೆಯೊಳಗೆ ಕೂರಿಸಿದ್ದ ಓವನ್‌ನಲ್ಲಿ ಕೋಳಿ ಬೇಯುತ್ತಿತ್ತು. ಉಮ್ಮ ಒಂದು ಕೈಯಲ್ಲಿ ಸಿಂಕ್‌ನ ನಳ್ಳಿ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಓವನ್ ಬಾಗಿಲಿನ ಹಿಡಿ ಹಿಡಿದರು. ಮೊಣಕೈವರೆಗೆ ಜುಮ್ಮೆಂದಿತು. ಕೈ ಕೊಡವಿ ಹಿಂದೆ ಸರಿದ ಉಮ್ಮನಿಗೆ ಅಕ್ಕ ಬಹಳ ಸಹಜವಾಗಿ ಹೇಳಿದಳು: "ಅದು ಹಾಗೆಯೇ ಉಮ್ಮ, ಸ್ವಲ್ಪ ಹೊಡೆಯುತ್ತದೆ. ಚಪ್ಪಲಿ ಹಾಕಿಕೊಂಡು ಮುಟ್ಟಬೇಕು." ಬಾಗಿಲ ಹಿಂದೆ ಅದಕ್ಕೆಂದೇ ಒಂದು ಜೊತೆ ರಬ್ಬರ್ ಚಪ್ಪಲಿ ಇಟ್ಟಿದ್ದಳು.

ಅವತ್ತಿನಿಂದ ನಾನು ಹೋದ ಹೋದ ಮನೆಯಲ್ಲೆಲ್ಲ ಕೇಳುತ್ತಿದ್ದೇನೆ. ಫ್ರಿಜ್ ಹೊಡೆಯುತ್ತದೆ, ವಾಷಿಂಗ್ ಮೆಷಿನ್ ಹೊಡೆಯುತ್ತದೆ, ಗ್ರೈಂಡರ್ ಹೊಡೆಯುತ್ತದೆ. ಪರಿಹಾರ ಎಲ್ಲ ಕಡೆ ಒಂದೇ, ಚಪ್ಪಲಿ. ಮಂಜೇಶ್ವರದಿಂದ ಕುಂಬಳೆವರೆಗಿನ ಎಷ್ಟೋ ಮನೆಗಳಲ್ಲಿ ಹೆಂಗಸರ ಕಾಲಿನ ಹವಾಯಿ ಚಪ್ಪಲಿಯೇ ಅರ್ತಿಂಗ್‌ನ ಜಾಗದಲ್ಲಿ ಕೆಲಸ ಮಾಡುತ್ತಿದೆ.

ನಾನು ಎಲೆಕ್ಟ್ರಿಷಿಯನ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಶಾರ್ಜಾದಲ್ಲಿ ಆರು ವರ್ಷ ಹೋಟೆಲ್ ಅಡುಗೆಮನೆಗಳಿಗೆ ಯಂತ್ರ ಕೂರಿಸುವ ಕೆಲಸದಲ್ಲಿದ್ದೆ, ಈಗ ಊರಿಗೆ ಬಂದು ಉಪ್ಪಳದಲ್ಲಿ ಉಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುತ್ತೇನೆ. ಮನೆ ಕಟ್ಟುವವರ ಲೆಕ್ಕಾಚಾರ ನಮ್ಮ ಕೌಂಟರ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಟೈಲ್ಸ್ ನೋಡಿ ಬಂದವರು ಚದರಡಿಗೆ ಇಪ್ಪತ್ತು ರೂಪಾಯಿ ಹೆಚ್ಚಾದರೂ ಇರಲಿ ಎನ್ನುತ್ತಾರೆ. ಜಿಪ್ಸಂ ಸೀಲಿಂಗ್‌ಗೆ ಬಣ್ಣಬಣ್ಣದ ಲೈಟು ಹಾಕಿಸುತ್ತಾರೆ. ಅದೇ ಜನ 4 ಸ್ಕ್ವೇರ್ ಎಂಎಂ ವಯರ್ ಅಂದಾಗ, "2.5 ಸಾಲದಾ ಮಾರಾಯ್ರೆ?" ಎನ್ನುತ್ತಾರೆ. ಅರ್ತ್ ಪೈಪಿನ ಹತ್ತಿರ ಬಂದಾಗಲಂತೂ ಚೌಕಾಸಿ ಶುರು. ನಲುವತ್ತು ವರ್ಷದ ವ್ಯಾಪಾರದಲ್ಲಿ ಉಪ್ಪ ಕಂಡದ್ದು ಇದು: ಮಣ್ಣಿನೊಳಗೆ ಹೋಗುವುದಕ್ಕೂ ಗೋಡೆಯೊಳಗೆ ಹೋಗುವುದಕ್ಕೂ ಯಾರೂ ಮನಸ್ಸಿಟ್ಟು ದುಡ್ಡು ಕೊಡುವುದಿಲ್ಲ, ನೆಂಟರಿಗೆ ಅದು ಕಾಣುವುದಿಲ್ಲವಲ್ಲ.

ಅಕ್ಕನ ಮನೆಯಲ್ಲಿ ಏನಾಗಿತ್ತೆಂದು ಮರುದಿನ ಮೈನ್ ಆಫ್ ಮಾಡಿ ನೋಡಿದೆ. ಓವನ್ ಭಾವ ಶಾರ್ಜಾದಲ್ಲಿ ಕೊಂಡು ಕಾರ್ಗೋದಲ್ಲಿ ಕಳಿಸಿದ್ದು. ಹಿಂಭಾಗದ ತಗಡಿನಲ್ಲಿ 2.9 ಕಿಲೊವ್ಯಾಟ್ ಎಂದಿತ್ತು. ನಮ್ಮ 230 ವೋಲ್ಟ್‌ನಲ್ಲಿ ಲೆಕ್ಕ ಹಾಕಿದರೆ ಸುಮಾರು 12.6 ಆಂಪಿಯರ್. ಅದರ ತುದಿಯಲ್ಲಿ ಅಲ್ಲಿನ ಚಪ್ಪಟೆ ಮೂರು ಪಿನ್ನಿನ ಪ್ಲಗ್. ಅದು ನಮ್ಮ ಸಾಕೆಟ್‌ಗೆ ಹೋಗುವುದಿಲ್ಲವೆಂದು ನಡುವೆ ಒಂದು ಪ್ಲಾಸ್ಟಿಕ್ ಅಡಾಪ್ಟರ್. ಅಡಾಪ್ಟರಿನ ಮೇಲೆ 10 ಆಂಪಿಯರ್ ಎಂದು ಬರೆದಿತ್ತು. ಅದರ ಅರ್ತ್ ಪಿನ್ನಿನ ತೂತಿನಲ್ಲಿ ಲೋಹದ ತುಣುಕೇ ಇರಲಿಲ್ಲ, ಪಿನ್ ಹೋಗಿ ನಿಲ್ಲಲೆಂದು ಬಿಟ್ಟ ಬರೀ ತೂತು. ಅಡಾಪ್ಟರ್ ಒಂದು ಬದಿ ಕಂದು ಬಣ್ಣಕ್ಕೆ ತಿರುಗಿತ್ತು. ಇನ್ನು ಸಾಕೆಟ್ ಬಿಚ್ಚಿದರೆ, ಹಸಿರು ವಯರನ್ನು ಚೆಂದವಾಗಿ ಸುತ್ತಿ ಬಾಕ್ಸ್‌ನೊಳಗೆ ತುರುಕಿದ್ದರು. ಎಲ್ಲಿಗೂ ಸೇರಿಸಿರಲಿಲ್ಲ. ಆ ಸಾಕೆಟ್‌ನ ಲೈನಿನಲ್ಲೇ ಮಿಕ್ಸಿ, ಫ್ರಿಜ್, ನೀರು ಶುದ್ಧಮಾಡುವ ಯಂತ್ರ.

ಒಂದು ಮನೆಯನ್ನು ದೂರಲು ಇದನ್ನು ಬರೆಯುತ್ತಿಲ್ಲ. ಗಲ್ಫ್‌ನಿಂದ ಓವನ್ ಬಂದ ಹತ್ತು ಮನೆ ನೋಡಿದರೆ ನಾಲ್ಕೈದರಲ್ಲಾದರೂ ಈ ಅಡಾಪ್ಟರ್ ಇದೆ. ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಅಲ್ಲಿನ ಫ್ಲ್ಯಾಟ್‌ಗಳ ಅಡುಗೆಮನೆಯಲ್ಲಿ ಕುಕ್ಕರ್‌ಗೆಂದೇ ಬೇರೆ ದೊಡ್ಡ ಸ್ವಿಚ್ ಇರುತ್ತದೆ, 45 ಆಂಪಿಯರ್‌ನದು, ಅದಕ್ಕೆ ಅದರದೇ ವಯರ್, ಅದರದೇ ಬ್ರೇಕರ್. ಅಲ್ಲಿ ಆ ವಯರ್ ಎಳೆಯುವವರಲ್ಲಿ ನಮ್ಮೂರಿನ ಹುಡುಗರೂ ಇದ್ದಾರೆ. ಆ ಚಪ್ಪಟೆ ಪ್ಲಗ್ಗಿನೊಳಗೂ ಒಂದು ಚಿಕ್ಕ ಫ್ಯೂಸ್ ಇರುತ್ತದೆ, 13 ಆಂಪಿಯರ್ ಮೀರಿದರೆ ಅದು ಉರಿದುಹೋಗಬೇಕು. ಊರಿಗೆ ಬಂದಾಗ ನಾವು ಆ ಪ್ಲಗ್ ಕತ್ತರಿಸಿ ಎಸೆದು ಬೇರೆ ಹಾಕುತ್ತೇವೆ, ಇಲ್ಲವೇ ಅಡಾಪ್ಟರ್ ಸಿಕ್ಕಿಸುತ್ತೇವೆ. ಅರಬಿಗಳ ಮನೆಯಲ್ಲಿ ನಿಯಮದಂತೆ ಕೆಲಸ ಮಾಡಿ ಬಂದವರು ನಮ್ಮ ಉಮ್ಮಂದಿರ ಅಡುಗೆಮನೆಗೆ ಇಷ್ಟು ಸಾಕು ಎಂದುಕೊಳ್ಳುವುದು ಹೇಗೆ?

12.6 ಆಂಪಿಯರ್ ಎಷ್ಟು ಎಂದು ಅಂದಾಜಾಗಲು: ಸಾಮಾನ್ಯ 750 ವ್ಯಾಟಿನ ಮಿಕ್ಸಿ ಮೂರು ಆಂಪಿಯರ್ ಆಚೀಚೆ ಎಳೆಯುತ್ತದೆ, ಅದೂ ಎರಡು ನಿಮಿಷ. ಓವನ್ ಅದರ ನಾಲ್ಕು ಪಟ್ಟನ್ನು ಮುಕ್ಕಾಲು ಗಂಟೆ, ಒಂದು ಗಂಟೆ ಎಳೆಯುತ್ತದೆ. ಕೇಕಿನ ಆರ್ಡರ್ ತೆಗೆದುಕೊಳ್ಳುವ ನಮ್ಮ ಹೆಣ್ಣುಮಕ್ಕಳ ಮನೆಯಲ್ಲಿ ಪೆರ್ನಾಲ್ ಹಿಂದಿನ ದಿನ ಅದು ಬೆಳಿಗ್ಗೆಯಿಂದ ರಾತ್ರಿವರೆಗೆ ನಡೆಯುತ್ತದೆ. ಎಲ್ಲಾದರೂ ಒಂದು ಸ್ಕ್ರೂ ಸಡಿಲವಿದ್ದರೆ ಆ ಜಾಗ ಬಿಸಿಯಾಗುತ್ತದೆ, ಬಿಸಿಗೆ ಇನ್ನಷ್ಟು ಸಡಿಲವಾಗುತ್ತದೆ, ಮತ್ತೆ ಬಿಸಿ. ಕರೆಂಟಿನ ಬೆಂಕಿ ಹೆಚ್ಚಾಗಿ ಹುಟ್ಟುವುದು ಹೀಗೆಯೇ, ವಯರಿನ ನಡುವೆ ಅಲ್ಲ, ಜೋಡಣೆಯಲ್ಲಿ.

ಆದ್ದರಿಂದ ಗೋಡೆ ಓವನ್‌ಗೆ ಡಿಬಿ ಬಾಕ್ಸ್‌ನಿಂದಲೇ ಬೇರೆ ಲೈನ್ ಬೇಕು. ಬೇರೆ ಯಾವುದನ್ನೂ ಅದಕ್ಕೆ ಸೇರಿಸಬಾರದು. ನಾನು ಹೇಳುವುದು 4 ಸ್ಕ್ವೇರ್ ಎಂಎಂ ತಾಮ್ರದ ವಯರ್, ಅಷ್ಟೇ ದಪ್ಪದ ಹಸಿರು ವಯರ್, 20 ಆಂಪಿಯರಿನ ಎಂಸಿಬಿ, ಓವನ್ ಹತ್ತಿರ ಕೈಗೆಟಕುವ ಕಡೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕತ್ತರಿಸುವ ಡಬಲ್ ಪೋಲ್ ಸ್ವಿಚ್. 2.5 ವಯರ್ ಕೂಡ ಕಾಗದದ ಮೇಲೆ ಸಾಲುತ್ತದೆ, ನಿಜ. ಆದರೆ ನಮ್ಮ ಮನೆಗಳಲ್ಲಿ ಡಿಬಿ ಎಲ್ಲೋ ಸಿಟೌಟ್ ಬದಿಯಲ್ಲಿ, ಅಡುಗೆಮನೆ ಹಿಂದೆ. ಒಂದೇ ಪೈಪಿನೊಳಗೆ ಆರೇಳು ವಯರ್ ತುರುಕಿ ತಾರಸಿಯ ಬಿಸಿಯಲ್ಲಿ ಕೊಂಡುಹೋಗುತ್ತಾರೆ. ಅಲ್ಲಿ ಕಾಗದದ ಲೆಕ್ಕ ನಡೆಯುವುದಿಲ್ಲ. ಇನ್ನೊಂದು ಕೆಟ್ಟ ಅಭ್ಯಾಸ: ಎಂಸಿಬಿ ಪದೇಪದೇ ಬೀಳುತ್ತದೆಂದು 32 ಆಂಪಿಯರಿನದು ಹಾಕುವುದು. ಎಂಸಿಬಿ ಇರುವುದು ಗೋಡೆಯೊಳಗಿನ ವಯರನ್ನು ಕಾಯಲು. ಸಪೂರ ವಯರಿಗೆ ದೊಡ್ಡ ಎಂಸಿಬಿ ಹಾಕಿದರೆ ಮೊದಲು ಕರಗುವುದು ವಯರ್. ಇನ್ವರ್ಟರ್ ಲೈನಿಗಂತೂ ಓವನ್ ಸೇರಿಸುವ ಮಾತೇ ಬೇಡ, ಅದರ ನ್ಯೂಟ್ರಲ್ಲನ್ನು ಸಾಲ ತೆಗೆಯುವುದೂ ಬೇಡ.

ಈಗ ಅರ್ತಿಂಗ್. ಇದು ನಮ್ಮ ಮಣ್ಣಿನ ವಿಷಯವಾದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ನೆಲ ಮುರಕಲ್ಲು. ಮಳೆಗಾಲದಲ್ಲಿ ನೀರು ಕುಡಿದು ಕೂರುತ್ತದೆ, ಏಪ್ರಿಲ್ ಮೇ ಬಂದಾಗ ಒಣಗಿ ಇಟ್ಟಿಗೆಯಂತಾಗುತ್ತದೆ. ಒಣ ಮುರಕಲ್ಲಿನಲ್ಲಿ ಕರೆಂಟ್ ಸುಲಭವಾಗಿ ಇಳಿಯುವುದಿಲ್ಲ. ಐಎಸ್ 3043 ಎಂಬ ಅರ್ತಿಂಗ್ ಕೈಪಿಡಿ ಪೈಪಿನ ಅರ್ತ್‌ಗೆ ಎರಡೂವರೆ ಮೀಟರ್ ಉದ್ದದ ಪೈಪನ್ನು ನೆಟ್ಟಗೆ ನೆಲದೊಳಗೆ ಇಳಿಸಲು ಹೇಳುತ್ತದೆ. ಸುತ್ತ ಇದ್ದಿಲು, ಉಪ್ಪು ತುಂಬಿ, ಮೇಲಿನಿಂದ ನೀರು ಹೊಯ್ಯಲು ಬಾಯಿ ಬಿಡುವುದು ವಾಡಿಕೆ. ನಮ್ಮಲ್ಲಿ ಕಲ್ಲು ಗಟ್ಟಿ ಸಿಕ್ಕಿತೆಂದು ಮೂರಡಿಗೆ ನಿಲ್ಲಿಸುತ್ತಾರೆ, ಉಳಿದ ಪೈಪನ್ನು ಕತ್ತರಿಸುತ್ತಾರೆ, ಮೇಲೆ ಇಂಟರ್‌ಲಾಕ್ ಹಾಸುತ್ತಾರೆ. ಎರಡು ವರ್ಷದ ನಂತರ ಅರ್ತ್ ಎಲ್ಲಿದೆ ಎಂದು ಕೇಳಿದರೆ ಮನೆಯವರಿಗೇ ಗೊತ್ತಿಲ್ಲ.

ಇದರ ಪರಿಣಾಮ ಲೆಕ್ಕದಲ್ಲಿ ನೋಡಿ. ಬೇಸಿಗೆಯಲ್ಲಿ ಅಂಥ ಅರ್ತ್‌ನ ತಡೆ 50 ಓಮ್ ಇದೆ ಎಂದಿಟ್ಟುಕೊಳ್ಳೋಣ. ಓವನ್‌ನೊಳಗೆ ಫೇಸ್ ವಯರ್ ಜಾರಿ ತಗಡಿಗೆ ತಾಗಿತು. 230 ವೋಲ್ಟನ್ನು 50ರಿಂದ ಭಾಗಿಸಿದರೆ 4.6 ಆಂಪಿಯರ್ ಮಣ್ಣಿಗೆ ಹರಿಯುತ್ತದೆ. 20 ಆಂಪಿಯರಿನ ಎಂಸಿಬಿಗೆ ಇದು ಏನೂ ಅಲ್ಲ, ಬೀಳುವುದಿಲ್ಲ. ಓವನ್ ನಡೆಯುತ್ತಲೇ ಇರುತ್ತದೆ, ಬಾಗಿಲಿನ ಹಿಡಿಯಲ್ಲಿ ಕರೆಂಟ್ ಕಾಯುತ್ತಾ ಕೂರುತ್ತದೆ. ಮನುಷ್ಯನ ಹೃದಯದ ಬಡಿತ ತಪ್ಪಿಸಲು ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಸಾಕು. ಎಂಸಿಬಿ ಇದೆಯಲ್ಲ ಎಂದು ನೆಮ್ಮದಿಯಿಂದಿರುವ ಉಪ್ಪಂದಿರು ಈ ಲೆಕ್ಕವನ್ನು ಒಮ್ಮೆ ಕಾಗದದಲ್ಲಿ ಬರೆದು ನೋಡಬೇಕು.

ಜೀವ ಕಾಯುವುದು ಇನ್ನೊಂದು ಡಬ್ಬಿ. ನಮ್ಮಲ್ಲಿ ಎಲ್ಲರೂ ಇಎಲ್‌ಸಿಬಿ ಎನ್ನುತ್ತಾರೆ, ಈಗ ಅಂಗಡಿಯಲ್ಲಿ ಸಿಗುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೇ ನ್ಯೂಟ್ರಲ್‌ನಲ್ಲಿ ಮರಳಿ ಬಂತೇ ಎಂದು ಅದು ಕ್ಷಣಕ್ಷಣವೂ ತೂಗುತ್ತಿರುತ್ತದೆ. 30 ಮಿಲಿ ಆಂಪಿಯರ್ ಕಡಿಮೆ ಬಂದರೂ, ಅಂದರೆ ಅಷ್ಟು ಬೇರೆ ದಾರಿಯಲ್ಲಿ, ಬಹುಶಃ ಯಾರದೋ ಮೈಯಲ್ಲಿ, ಇಳಿಯುತ್ತಿದ್ದರೆ, ಒಡನೆ ಬೀಳುತ್ತದೆ. ಮೇಲೆ 100 ಅಥವಾ 300 ಎಂದು ಬರೆದದ್ದೂ ಸಿಗುತ್ತದೆ. ಅದು ಬೆಂಕಿ ತಡೆಯಲು, ಮನುಷ್ಯನನ್ನು ಉಳಿಸಲು 30 ಎಂದಿರುವುದೇ ಬೇಕು.

ಅಕ್ಕನ ಮನೆಯಲ್ಲಿ ಅದೂ ಇತ್ತು. ಆದರೆ ಅದರ ಒಳಗೆ ಬಂದ ವಯರನ್ನೂ ಹೊರಗೆ ಹೋಗುವ ವಯರನ್ನೂ ಒಂದಕ್ಕೊಂದು ಸುತ್ತಿ ಟೇಪ್ ಹಾಕಿದ್ದರು. ಡಬ್ಬಿ ಗೋಡೆಯಲ್ಲಿ ಅಲಂಕಾರಕ್ಕೆ. ಯಾಕೆ ಎಂದು ಕೇಳಿದಾಗ ಕತೆ ಹೊರಬಂತು. ಒಂದು ಮಳೆಗಾಲ ಅಕ್ಕ ಮಕ್ಕಳೊಂದಿಗೆ ಮೂರು ತಿಂಗಳು ಶಾರ್ಜಾದಲ್ಲಿದ್ದಳು, ಮನೆಗೆ ಬೀಗ. ಬಂದು ಓವನ್ ಹಾಕಿದ ಕೂಡಲೇ ಇಎಲ್‌ಸಿಬಿ ಬಿತ್ತು. ಎತ್ತಿದರೆ ಮತ್ತೆ ಬಿತ್ತು. ಕರೆದಾಗ ಬಂದವರು, "ಡಬ್ಬಿ ಹಾಳಾಗಿದೆ" ಎಂದು ಹತ್ತು ನಿಮಿಷದಲ್ಲಿ ಬೈಪಾಸ್ ಮಾಡಿಕೊಟ್ಟು ಹೋದರು. ಡಬ್ಬಿ ಹಾಳಾಗಿರಲಿಲ್ಲ. ಓವನ್‌ನ ಕೊಳವೆಯಂಥ ಹೀಟಿಂಗ್ ಎಲಿಮೆಂಟ್‌ನೊಳಗೆ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರುತ್ತದೆ. ತಂತಿಗೂ ಹೊರಕೊಳವೆಗೂ ನಡುವೆ ತಡೆ ಅದೇ. ಅದು ತೇವ ಹೀರುತ್ತದೆ. ನಮ್ಮ ಕಡಲ ಬದಿಯ ಜೂನ್ ಜುಲೈಯಲ್ಲಿ ಉಪಯೋಗಿಸದೆ ಬಿಟ್ಟರೆ ಚೆನ್ನಾಗಿಯೇ ಹೀರುತ್ತದೆ. ಆಗ ಸ್ವಲ್ಪ ಕರೆಂಟ್ ತಗಡಿಗೆ ಸೋರುತ್ತದೆ, ಡಬ್ಬಿ ಬೀಳುತ್ತದೆ. ಅಂದರೆ ಅದು ತನ್ನ ಕೆಲಸ ಸರಿಯಾಗಿ ಮಾಡಿತ್ತು. ಕರೆಸಬೇಕಾದ್ದು ಮೆಗ್ಗರ್ ಇರುವವರನ್ನು. ಅವರು ಅಳೆದು, ಎಲಿಮೆಂಟ್ ಒಣಗಿಸಬೇಕೋ ಬದಲಿಸಬೇಕೋ ಹೇಳುತ್ತಾರೆ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಕಾಲು ಗಂಟೆ ಬಿಸಿ ಮಾಡಿದರೆ ಈ ತಾಪತ್ರಯ ಹೆಚ್ಚಿನಂಶ ಬರುವುದೇ ಇಲ್ಲ.

ಬೈಪಾಸ್ ಮಾಡಿದವರನ್ನು ಬೈಯುವುದು ಸುಲಭ. ಆದರೆ, "ಹೇಗಾದರೂ ಇವತ್ತೇ ಸರಿಮಾಡಿ ಕೊಡಿ" ಎಂದು ಹೇಳುವವರು ನಾವೇ. ಸರಿಯಾಗಿ ಮಾಡುತ್ತೇನೆ, ಎರಡು ದಿನ ಬೇಕು ಎನ್ನುವ ವಯರಿಂಗ್ ಅಣ್ಣನನ್ನು ದುಬಾರಿ ಎಂದು ಬಿಡುವವರೂ ನಾವೇ. ಕೇರಳದಲ್ಲಿ ಈ ಕೆಲಸಕ್ಕೆ ಲೈಸೆನ್ಸಿಂಗ್ ಬೋರ್ಡಿನ ಪರ್ಮಿಟ್ ಇರುವ ವಯರ್‌ಮ್ಯಾನ್ ಇದ್ದಾರೆ. ಪರ್ಮಿಟ್ ತೋರಿಸಿ ಎಂದು ಕೇಳುವುದು ಅವಮಾನವಲ್ಲ, ಒಳ್ಳೆಯ ಕೆಲಸಗಾರರು ಬೇಸರಿಸುವುದೂ ಇಲ್ಲ. ಮೂರು ಕಿಲೊವ್ಯಾಟ್ ಹೊಸದಾಗಿ ಸೇರುವಾಗ ಮನೆಯ ಕನೆಕ್ಟೆಡ್ ಲೋಡ್ ಕೂಡ ಬದಲಾಗುತ್ತದೆ. ಅದನ್ನು ಕೆಎಸ್‌ಇಬಿ ಸೆಕ್ಷನ್ ಆಫೀಸಿನಲ್ಲಿ ಬರೆಸಿಬಿಡಿ.

ಬಣ್ಣದ ವಿಷಯ ಒಂದಿದೆ, ಇದರಲ್ಲಿ ಅನುಭವಿಗಳೂ ಎಡವುತ್ತಾರೆ. ನಮ್ಮ ಗೋಡೆಯೊಳಗಿನ ವಯರಿಂಗ್‌ನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್. ಓವನ್‌ನಿಂದ ಹೊರಬರುವ ವಯರಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದ್ದು ಅರ್ತ್. ಅಂದರೆ ಒಂದೇ ನೀಲಿ, ಗೋಡೆಯಲ್ಲಿ ಫೇಸ್, ಓವನ್‌ನಲ್ಲಿ ನ್ಯೂಟ್ರಲ್. ಮೂರು ಫೇಸ್ ಇರುವ ಮನೆಯಲ್ಲಿ ನೀಲಿಗೆ ನೀಲಿ ಸೇರಿಸಿ ಆಯಿತು ಎಂದರೆ ಕೆಲಸ ಕೆಟ್ಟಿತು. ಕೆಲವು ಓವನ್‌ಗಳ ಹಿಂದೆ ಐದಾರು ತಿರುಪು, ನಡುವೆ ತಾಮ್ರದ ಪಟ್ಟಿ ಇರುತ್ತದೆ. ಒಂದು ಫೇಸಿಗೆ ಹೇಗೆ, ಹೆಚ್ಚು ಫೇಸಿಗೆ ಹೇಗೆ ಎಂಬ ಚಿತ್ರ ಅಲ್ಲೇ ಅಂಟಿಸಿರುತ್ತಾರೆ. ಅದನ್ನು ನೋಡದೆ ಪಟ್ಟಿ ಕೀಳಬಾರದು. ಸೌದಿಯಿಂದ ತರುವವರು ತಗಡಿನಲ್ಲಿ 220-240 ವೋಲ್ಟ್, 50 ಹರ್ಟ್ಸ್ ಇದೆಯೇ ಎಂದು ಓದಿ ತರಲಿ. ಅಲ್ಲಿನ ಕರೆಂಟ್ 60 ಹರ್ಟ್ಸ್. ಬರೀ ಬಿಸಿಯಾಗುವ ಎಲಿಮೆಂಟ್‌ಗೆ ಅದರ ಪರಿವೆ ಇಲ್ಲ, ಫ್ಯಾನಿಗೂ ಮೈಕ್ರೋವೇವ್ ಸೇರಿದ ಮಾದರಿಗೂ ಇದೆ.

ಆಚಾರಿಗಳ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. 60 ಸೆಂಟಿಮೀಟರಿನ ಓವನ್‌ಗೆ ಗೂಡು ಒಳಗಿನಿಂದ 56 ಸೆಂಟಿಮೀಟರ್ ಅಗಲ, 55ಕ್ಕಿಂತ ಕಡಿಮೆಯಾಗದ ಆಳ ಬೇಕಾಗುತ್ತದೆ, ಸರಿಯಾದ ಅಳತೆ ಅದರ ಪುಸ್ತಕದಲ್ಲೇ ಇರುತ್ತದೆ. ಗೂಡಿನ ಹಿಂದಿನ ಹಲಗೆ ಕತ್ತರಿಸಿ ಗಾಳಿಯಾಡಲು ದಾರಿ ಬಿಡಬೇಕು. ಜಿರಳೆ ಬರುತ್ತದೆಂದು ಅದನ್ನು ಮುಚ್ಚಿಸುವವರಿದ್ದಾರೆ, ಮುಚ್ಚಿಸಬೇಡಿ. ಸಾಕೆಟ್ ಓವನ್ ಬೆನ್ನ ಹಿಂದೆಯೇ ಬೇಡ, ಪಕ್ಕದ ಕಪಾಟಿನಲ್ಲಿ ಇರಲಿ. ಹೊಗೆ ಬಂದಾಗ ಮೂವತ್ತು ನಲುವತ್ತು ಕಿಲೊ ಯಂತ್ರವನ್ನು ಎಳೆದು ಪ್ಲಗ್ ಕೀಳಲು ಆಗುವುದಿಲ್ಲ. ಬದಿಯ ಸ್ಕ್ರೂಗಳನ್ನು ಹಾಕದೆ ಬಿಡುವುದೂ ಇದೆ. ಬಾಗಿಲು ತೆರೆದು ತುಂಬಿದ ತಟ್ಟೆ ಹೊರಗೆಳೆದಾಗ ಇಡೀ ಓವನ್ ಮುಂದಕ್ಕೆ ವಾಲುತ್ತದೆ, ಎದುರಿಗೆ ಮಗು ನಿಂತಿರುತ್ತದೆ. ಮೊದಲ ಸಲ ಕಿಟಕಿ ತೆರೆದಿಟ್ಟು ಅರ್ಧ ಗಂಟೆ ಖಾಲಿ ಓಡಿಸಿ, ಕಂಪನಿಯ ಎಣ್ಣೆ ಸುಟ್ಟ ವಾಸನೆ ಹೋಗಲಿ.

ಇಷ್ಟೆಲ್ಲ ಕೇಳಿ ಕೆಲವರು, "ಓವನ್ ಹಾಕುವುದು ವರ್ಷಕ್ಕೆ ನಾಲ್ಕು ಸಲ, ಇಷ್ಟು ಖರ್ಚು ಯಾಕೆ?" ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ: ಹಾಗಿದ್ದರೆ ಗೋಡೆ ಓವನ್ ತರಬೇಡಿ. ಹಳೆ ಮನೆ, ಗೋಡೆ ಒಡೆಯುವ ಮನಸ್ಸಿಲ್ಲ ಎಂದಾದರೆ ಮೇಜಿನ ಮೇಲಿಡುವ ಓಟಿಜಿ ಸಾಕು. ಒಂದೂವರೆ ಸಾವಿರ ವ್ಯಾಟಿನ ಆಸುಪಾಸು, ಸರಿಯಾದ ಅರ್ತ್ ಇರುವ 16 ಆಂಪಿಯರ್ ಸಾಕೆಟ್‌ನಲ್ಲಿ ಆರಾಮವಾಗಿ ನಡೆಯುತ್ತದೆ, ಕೇಕೂ ಆಗುತ್ತದೆ ಕೋಳಿಯೂ ಆಗುತ್ತದೆ. ನಮ್ಮ ಹಿರಿಯರು ಬಿರಿಯಾನಿಯ ಪಾತ್ರೆಯ ಮುಚ್ಚಳದ ಮೇಲೆ ಕೆಂಡ ಹಾಕಿ ಮೇಲೂ ಕೆಳಗೂ ಬಿಸಿ ಕೊಡುತ್ತಿದ್ದರು, ಅದಕ್ಕಂತೂ ಯಾವ ಎಂಸಿಬಿಯೂ ಬೇಕಿರಲಿಲ್ಲ. ಗೋಡೆ ಓವನ್ ಬೇಕೆಂದರೆ ವಯರನ್ನೂ ಸೇರಿಸಿ ಬೆಲೆ ಕಟ್ಟಿ. ವಯರ್ ಇಲ್ಲದ ಬೆಲೆ ಅರ್ಧ ಬೆಲೆ.

ಇನ್ನೊಂದು ಮಾತನ್ನು ಹೇಳಲು ಸ್ವಲ್ಪ ಸಂಕೋಚವಿದೆ, ಹೇಳುತ್ತೇನೆ. ನಮ್ಮಲ್ಲಿ ಸ್ವಿಚ್ ಎಲ್ಲಿ, ಸಾಕೆಟ್ ಎಲ್ಲಿ ಎಂದು ತೀರ್ಮಾನಿಸುವವರು ಯಾರು? ದುಬೈಯಲ್ಲಿರುವ ಗಂಡ, ವಾಟ್ಸ್ಯಾಪ್‌ನಲ್ಲಿ ಪ್ಲಾನ್ ಕಳಿಸುವ ಕಾಂಟ್ರಾಕ್ಟರ್, ಎದುರಿಗೆ ನಿಂತು ತಲೆಯಾಡಿಸುವ ನನ್ನಂಥ ತಮ್ಮ. ಒದ್ದೆ ಕೈಯಲ್ಲಿ ಆ ಹಿಡಿಯನ್ನು ದಿನಕ್ಕೆ ಹತ್ತು ಸಲ ಮುಟ್ಟುವವಳನ್ನು ಟೈಲ್ಸ್‌ನ ಬಣ್ಣ ಮಾತ್ರ ಕೇಳುತ್ತೇವೆ. ಓವನ್ ಹೊಡೆಯುತ್ತದೆ ಎಂದು ಅಕ್ಕ ಭಾವನಿಗೆ ಎರಡು ಸಲ ಹೇಳಿದ್ದಳಂತೆ. "ಹೊಸತಲ್ಲವಾ, ಸರಿಯಾಗುತ್ತದೆ" ಎಂದರಂತೆ. ನನಗೂ ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ಗೃಹಪ್ರವೇಶದ ದಿನ ಆ ಅಡುಗೆಮನೆ ನೋಡಿ ಭೇಷ್ ಎಂದವನು ನಾನೇ. ಡಿಬಿಯ ಮುಚ್ಚಳ ತೆರೆದು ನೋಡಿರಲಿಲ್ಲ.

ಸರಿಮಾಡಲು ಮೂರು ವಾರ ಹಿಡಿಯಿತು. ಪರ್ಮಿಟ್ ಇರುವ ಅಣ್ಣನೊಬ್ಬರು ಬಂದು ಬಾವಿಯ ಬದಿಯಲ್ಲಿ, ಬಟ್ಟೆ ಒಗೆದ ನೀರು ಹರಿಯುವಲ್ಲಿ, ಹೊಸ ಅರ್ತ್ ಪೈಪ್ ಇಳಿಸಿದರು. ಡಿಬಿಯಿಂದ ಬೇರೆ ಲೈನ್ ತಂದರು. ಹೊಸ ಆರ್‌ಸಿಸಿಬಿ ಕೂರಿಸಿ, ಅದರ 'ಟಿ' ಎಂಬ ಗುಂಡಿ ಒತ್ತಿದರೆ ಬೀಳಬೇಕೆಂದು ಅಕ್ಕನಿಗೇ ತೋರಿಸಿಕೊಟ್ಟರು. ಅವಳೀಗ ತಿಂಗಳ ಮೊದಲ ಶುಕ್ರವಾರ ಅದನ್ನು ಒತ್ತುತ್ತಾಳೆ, ಮನೆಯೆಲ್ಲ ಕತ್ತಲಾದಾಗ ಮಕ್ಕಳು ಕೂಗುತ್ತಾರೆ, ಎತ್ತುತ್ತಾಳೆ. ಲೈನ್ ತರಲು ಗೋಡೆ ಕೊರೆದಾಗ ಎರಡು ಟೈಲ್ಸ್ ಒಡೆದವು. ಅದೇ ಡಿಸೈನ್ ಸಿಗಲಿಲ್ಲ, ಹಾಕಿದ್ದು ಕಣ್ಣಿಗೆ ಕಾಣುವಷ್ಟು ಬೇರೆ. ಭಾವ ವಿಡಿಯೊ ಕಾಲ್ ಮಾಡಿದಾಗಲೆಲ್ಲ ಆ ಎರಡು ಟೈಲ್ಸ್‌ನ ವಿಚಾರ ಎತ್ತುತ್ತಾರೆ. ಉಮ್ಮ ಹೋದಾಗ ಮಾತ್ರ ಬಾಗಿಲ ಹಿಂದಿನ ಆ ಚಪ್ಪಲಿಯನ್ನು ಈಗಲೂ ಹುಡುಕುತ್ತಾರೆ.